ಲೇಪ ತೊಳೆದ ಜಟ್ಟಿ

ಊರಿಗೆ ಬಾಗಿಲು ಒಂದೇ. ಬಾಗಿಲಾಚೆ ಬಯಲು. ಆ ಬಯಲಿಗೆ ಬೇಲಿಯಿಲ್ಲ, ಗಡಿಯಿಲ್ಲ, ಅದು ಯಾರಪ್ಪನ ಮನೆಯ ಆಸ್ತಿಯೂ ಅಲ್ಲ. ಕಣ್ಣಿಗೆ ಕಾಣದಷ್ಟು ದೂರದ ಊರುಗಳ ಬಾಗಿಲುಗಳೂ ಅದೇ ಬಯಲಿಗೆ ತೆರೆಯುತ್ತಿದ್ದವು. ಆ ಊರುಗಳ ಜಟ್ಟಿಗಳು ಆಗೊಮ್ಮೆ ಈಗೊಮ್ಮೆ ಎದುರಾಗುತ್ತಿದ್ದರು, ಕೈ ಎತ್ತುತ್ತಿದ್ದರು, ತಮ್ಮ ದಾರಿ ಹಿಡಿದು ಹೋಗುತ್ತಿದ್ದರು.

ಬೆಳಗಾದರೆ ಬಯಲಿನಲ್ಲಿ ಮಣ್ಣಾಳುಗಳು ಏಳುತ್ತಿದ್ದರು. ನೆಲ ಉಬ್ಬುತ್ತಿತ್ತು, ಬಿರಿಯುತ್ತಿತ್ತು, ಬಿರಿದಲ್ಲಿಂದ ಒಬ್ಬ ಎದ್ದು ಮೈ ಕೊಡವಿ ತೊಡೆ ತಟ್ಟಿ ನಿಲ್ಲುತ್ತಿದ್ದ. ಬಾಗಿಲ ಹತ್ತಿರ ಏಳುವವರು ಕುಳ್ಳರು. ದೂರ ಹೋದಷ್ಟೂ ಎತ್ತರದವರು. ಜಟ್ಟಿಯಾದವನು ಹೋಗಿ ಅವರ ಜೊತೆ ಕುಸ್ತಿ ಹಿಡಿಯಬೇಕು. ಬಿದ್ದ ಮಣ್ಣಾಳು ಅಲ್ಲೇ ಮಣ್ಣಿನ ಗುಡ್ಡೆಯಾಗುತ್ತಿದ್ದ, ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಮತ್ತೆ ಏಳುತ್ತಿದ್ದ. ಜಟ್ಟಿಯೇ ಬಿದ್ದರೆ ಅವನಿಗೆ ಕಣ್ಣು ಕತ್ತಲಾಗುತ್ತದೆ, ಕಣ್ಣು ಬಿಟ್ಟಾಗ ಬಾಗಿಲ ಪಕ್ಕದ ಎಚ್ಚರಗಲ್ಲಿನ ಮೇಲೆ ಮಲಗಿರುತ್ತಾನೆ ಎಂದು ಹಳಬರು ಹೇಳುತ್ತಿದ್ದರು. ಸಾವು ಅನ್ನುವುದು ಆ ಬಯಲಿಗೆ ಗೊತ್ತಿರಲಿಲ್ಲ. ಊರವರು ಇದಕ್ಕೆ ಆಟ ಅನ್ನುತ್ತಿದ್ದರು. ಆದರೆ ಎಚ್ಚರಗಲ್ಲಿನ ಸುತ್ತ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಅಲ್ಲಿ ಎಚ್ಚರಾದವನನ್ನು ಕಂಡವರು ಯಾರೂ ಬದುಕಿರಲಿಲ್ಲ.

ಯಾಕೆಂದರೆ ಆ ಊರಿಗೊಂದು ಕಟ್ಟಳೆಯಿತ್ತು. ಗೆದ್ದವನು ಬಿದ್ದವನ ಮಣ್ಣನ್ನು ಪಂಚೆಯ ಮಡಿಲಲ್ಲಿ ತುಂಬಿಕೊಂಡು ಬರಬೇಕು. ಅವನ ಅವ್ವ ಅದಕ್ಕೆ ಹರಳೆಣ್ಣೆ ಹಾಕಿ ಕಲಸಿ, ಮಗನ ಮೈಗೆ ಹಚ್ಚಬೇಕು. ಅದು ಲೇಪ. ಒಣಗಿದರೆ ಕಲ್ಲು. ಲೇಪದ ಮೇಲೆ ಲೇಪ ಏರಿದಂತೆ ಜಟ್ಟಿ ಊರ ಕಟ್ಟೆಯ ಮೆಟ್ಟಿಲು ಹತ್ತಿ ಮೇಲೆ ಮೇಲೆ ಕೂರುತ್ತಿದ್ದ. ಮೊದಲ ಸಲ ಬಾಗಿಲು ದಾಟುವ ಹುಡುಗನ ಹಣೆಗೂ ಯಾರದೋ ಲೇಪದಿಂದ ಒಂದು ಬೊಟ್ಟು ಇಟ್ಟೇ ಕಳಿಸುತ್ತಿದ್ದರು. ಬರಿಮೈಯಲ್ಲಿ ಆ ಬಾಗಿಲು ದಾಟಿದವನು ಒಬ್ಬನೂ ಇಲ್ಲ.

ಕಟ್ಟೆಯ ನೆತ್ತಿಯ ಮೇಲೆ ಪೂರಾ ಜಟ್ಟಿಗಳು ಕೂತಿದ್ದರು. ಮುಖಕ್ಕೂ ಲೇಪವಾದವರು. ಮುಖಕ್ಕೆ ಲೇಪವಾದ ಮೇಲೆ ಮನುಷ್ಯ ಏಳುವುದಿಲ್ಲ, ನುಡಿಯುವುದಿಲ್ಲ, ಹಸಿವು ಅನ್ನುವುದಿಲ್ಲ. ಹೆಗಲ ಮೇಲೆ ಗುಬ್ಬಿ ಗೂಡು ಕಟ್ಟಿದರೂ ಅಲ್ಲಾಡುವುದಿಲ್ಲ. ಊರವರು ಅವರಿಗೆ ಹೂವೇರಿಸಿ ಕೈ ಮುಗಿಯುತ್ತಿದ್ದರು. ಅವರ ಅವ್ವಂದಿರಿಗೆ ಬಾವಿಯಲ್ಲಿ ಮೊದಲ ಬಿಂದಿಗೆ ಸಲ್ಲುತ್ತಿತ್ತು.

ಇಂಥ ಊರಿನಲ್ಲಿ ಒಬ್ಬ ಹರೆಯದ ಜಟ್ಟಿ. ಆಳು ಎಷ್ಟು ದೊಡ್ಡವನೋ ಬಾಯಿ ಅದರ ಎರಡರಷ್ಟು. ಅವನು ಬೀದಿಯಲ್ಲಿ ನಡೆದರೆ ಎಮ್ಮೆಗಳು ತಾವಾಗಿ ಪಕ್ಕಕ್ಕೆ ಸರಿಯುತ್ತಿದ್ದವು. "ನನ್ನಂಥವನ ಹೆರೋದು ಊರಿಗೆ ಒಂದೇ ಸಲ ಆಗೋದು ಕಣ್ರಪ್ಪ, ನಮ್ಮವ್ವ ಆ ಕೆಲ್ಸ ಮುಗ್ಸವ್ಳೆ," ಎಂದು ಬಾವಿಕಟ್ಟೆಯಲ್ಲಿ ನಿಂತು ಹೇಳುತ್ತಿದ್ದ. ಹೇಳುವುದಕ್ಕೆ ಹಕ್ಕೂ ಇತ್ತು. ಕಾಲಿನಿಂದ ಕತ್ತಿನವರೆಗೆ ಲೇಪ, ಅದೂ ಗೇಣು ದಪ್ಪ. ಉಳಿದದ್ದು ಮುಖ ಒಂದೇ.

ಅಂಥವನಿಗೆ ಒಂದು ದಿನ ಬೇಜಾರು ಬಂತು.

ಬಾಗಿಲು ದಾಟಿದ, ತೊಡೆ ತಟ್ಟಿದ, ಕುಳ್ಳ ಮಣ್ಣಾಳು ಎದುರು ಬಂದ. ಜಟ್ಟಿ ಕೈ ಚಾಚಿದ. ಕೈ ತಾಗುವ ಮೊದಲೇ ಕುಳ್ಳ ಬಿದ್ದ. ಇನ್ನೂ ದೂರ ಹೋದ, ತೊಡೆ ತಟ್ಟಿದ, ಆಳೆತ್ತರದವನು ಬಂದ, ಜಟ್ಟಿಯ ಎದೆ ನೋಡಿದ, ಬಿದ್ದ. ಮತ್ತೂ ದೂರ ಹೋದ, ತೊಡೆ ತಟ್ಟಿದ, ತೆಂಗಿನ ಮರದಷ್ಟು ಎತ್ತರದವನು ಬಂದ, ಅವನೂ ಎದೆ ನೋಡಿದ, ಅವನೂ ಬಿದ್ದ. ಜಟ್ಟಿ ಒಂದು ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ಹೋದ, ಬಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೋದ, ದೊಪ್ಪನೆ ಬೀಳುವ ಸದ್ದು ಕೇಳಿಸಿತು. ಸುಮ್ಮನೆ ನೆಲದ ಮೇಲೆ ಕೂತು "ಬರ್ರಲಾ, ನೀವೇ ಮೊದ್ಲು ಹೊಡೀರಿ" ಎಂದು ಕರೆದ. ಸುತ್ತ ನಿಂತವರೆಲ್ಲ ಕೂತವನ ಕಾಲ ಬಳಿ ಸಾಲಾಗಿ ಬಿದ್ದು ಗುಡ್ಡೆಯಾದರು.

ದೂರದ ಊರಿನ ಜಟ್ಟಿಯೊಬ್ಬ ಅದೇ ದಾರಿಯಲ್ಲಿ ಬಂದ. ಅವನಿಗೂ ಕತ್ತಿನವರೆಗೆ ಲೇಪ. ಬಗಲಲ್ಲಿ ಚೀಲ, ಚೀಲದ ತುಂಬ ಮಣ್ಣು.

"ನಿಮ್ಮ ಕಡೆ ಹೆಂಗಪ್ಪಾ? ಒಬ್ಬನಾದ್ರೂ ನಿಂತು ಹಿಡಿಯೋನು ಇದ್ದಾನಾ?" ಎಂದು ಜಟ್ಟಿ ಕೇಳಿದ.

"ಇಲ್ಲ ಗುರುವೇ. ನಾವೀಗ ನಡ್ಕೊಂಡು ಹೋಗ್ತೀವಿ, ಅವ್ರು ಬೀಳ್ತಾರೆ, ತುಂಬ್ಕೊಂಡು ಬರ್ತೀವಿ. ಹೊಲ ಕುಯ್ಯೋದಾದ್ರೂ ಇದಕ್ಕಿಂತ ಕಷ್ಟ."

"ಮತ್ತ್ಯಾಕೆ ಬರ್ತೀಯ?"

"ಮಣ್ಣು ಬೇಕಲ್ಲ," ಎಂದ ಅವನು, ಇಷ್ಟೂ ತಿಳಿಯದವನೇ ಎನ್ನುವಂತೆ ನೋಡಿ, ಚೀಲ ಹೆಗಲಿಗೇರಿಸಿಕೊಂಡು ಹೋದ.

ಅದೇ ಸಂಜೆ ಕಟ್ಟೆಯ ಯಜಮಾನ ಜಟ್ಟಿಯನ್ನು ಕರೆಸಿದ. ಊರಿನಲ್ಲಿ ಯಾರು ಯಾವ ಮೆಟ್ಟಿಲು ಎಂದು ಹೇಳುವವನು ಅವನೇ.

"ಹುಣ್ಣಿಮೆ ದಿವ್ಸ ನಿನ್ನ ಮುಖಕ್ಕೆ ಲೇಪ ಕಣ್ಲಾ ಮಗಾ. ಮೇಲೆ ಜಾಗ ಗುಡಿಸಾಯ್ತು. ಇನ್ನು ನೀನು ಪೂರಾ."

ಬೇರೆ ದಿನವಾಗಿದ್ದರೆ ಜಟ್ಟಿ ಊರೆಲ್ಲ ಡಂಗುರ ಹೊಡೆದುಕೊಂಡು ಬರುತ್ತಿದ್ದ. ಅವತ್ತು ಮೇಲೆ ಕೂತವರನ್ನು ನೋಡಿದ. ಅವರಲ್ಲಿ ಒಬ್ಬನಾದರೂ ಒಂದೇ ಒಂದು ಸಲ ನಿಜವಾದ ಹಿಡಿತ ಹಿಡಿದಿದ್ದನೋ ಇಲ್ಲವೋ ಎಂದು ಅವನಿಗೆ ಅನುಮಾನ ಬಂತು. ಕೇಳೋಣವೆಂದರೆ ಅವರ ಬಾಯಿ ಮುಚ್ಚಿತ್ತು.

"ಯಜಮಾನ್ರೇ, ಅಷ್ಟ್ರೊಳಗೆ ನಂಗೊಂದು ಕುಸ್ತಿ ಬೇಕು. ನಾನು ಸೋಲಬೋದು ಅನ್ನೋ ಅಂಥ ಕುಸ್ತಿ."

"ಸೋಲೋ ಕುಸ್ತಿ ಯಾಕ್ಲಾ? ತಲೆಗಿಲೆ ಕೆಟ್ಟೈತಾ?"

"ಇಷ್ಟು ದಿವ್ಸ ಗೆದ್ದಿದ್ದು ನಾನೋ ಈ ಮಣ್ಣೋ, ಗೊತ್ತಾಗ್ಬೇಕು. ಗೊತ್ತಾಗ್ದೆ ಮುಖ ಮುಚ್ಚಿಸ್ಕೊಳ್ಳಲ್ಲ."

ಯಜಮಾನ ನಕ್ಕ. "ಹುಡುಕು ಹೋಗು. ಸಿಕ್ಕಿದ್ರೆ ನಂಗೂ ತೋರ್ಸು."

ಜಟ್ಟಿ ಹುಡುಕಿದ. ಬಯಲಿನ ಬಡಗಣಕ್ಕೆ ಹೋದ, ತೆಂಕಣಕ್ಕೆ ಹೋದ. ಮೋಡ ನೆಲಕ್ಕೆ ಕೂತಂತಿದ್ದ ತಗ್ಗಿಗೆ ಹೋದ, ಕಲ್ಲು ಕೂಗುತ್ತದೆ ಎನ್ನುವ ದಿಬ್ಬಕ್ಕೆ ಹೋದ. ಎಲ್ಲೆಲ್ಲೂ ತೊಡೆ ತಟ್ಟಿದ. ಎಲ್ಲೆಲ್ಲೂ ಬಂದರು, ನೋಡಿದರು, ಬಿದ್ದರು. ಕೊನೆಗೆ ಸೂರ್ಯ ಮೊದಲು ಮುಟ್ಟುವ ಏರಿಯ ಮೇಲೆ ಒಬ್ಬ ಮಣ್ಣಾಳು ಎದ್ದು ನಿಂತ. ಅವನ ನೆರಳಿನಲ್ಲಿ ಒಂದು ಊರು ಮದುವೆ ಮಾಡಬಹುದಿತ್ತು. ಅವನು ಬಗ್ಗಿದ, ಜಟ್ಟಿಯ ಎದೆಯನ್ನು ಮೂಸಿದ, ನಿಟ್ಟುಸಿರು ಬಿಟ್ಟ, ಬೀಳುವುದಕ್ಕೆ ಮೊಣಕಾಲು ಮಡಚಿದ.

ಜಟ್ಟಿ ಓಡಿ ಹೋಗಿ ಆ ಮೊಣಕಾಲನ್ನು ತಬ್ಬಿ ಎತ್ತಿ ಹಿಡಿದ. "ಬೀಳ್ಬೇಡ. ಯಾಕ್ಲಾ ಬೀಳ್ತೀಯ? ನಿನ್ನ ಮೈಲಿ ಶಕ್ತಿ ಇಲ್ವಾ?"

"ಐತೆ."

"ಮತ್ತೆ?"

"ನಿನ್ನ ಎದೆ ಮೇಲೆ ನಮ್ಮಣ್ಣನ ಮೈಮಣ್ಣು ಐತೆ. ರಟ್ಟೆ ಮೇಲೆ ನಮ್ಮ ಚಿಕ್ಕಪ್ಪಂದು. ಹಿಮ್ಮಡೀಲಿ ಇರೋನು ನಮ್ಮ ಸೋದರಮಾವ," ಎಂದ ಮಣ್ಣಾಳು. "ಅವ್ರ ಮೇಲೆ ಕೈ ಮಾಡಕ್ಕಾಯ್ತದಾ? ನಮ್ಮಲ್ಲೂ ಮರ್ಯಾದೆ ಅಂತ ಒಂದೈತೆ. ಬುಡು, ಬೀಳ್ತೀನಿ."

ಜಟ್ಟಿಯ ಕೈ ಸಡಿಲವಾಯಿತು. ಮಣ್ಣಾಳು ಬಿದ್ದ. ಎದುರಿಗೆ ಒಂದು ಗುಡ್ಡವೇ ಆಯಿತು. ಜಟ್ಟಿ ಮಡಿಲು ತುಂಬಿಕೊಳ್ಳಲಿಲ್ಲ. ಬರಿಗೈಯಲ್ಲಿ ಹಿಂದಿರುಗಿದ. ದಾರಿಯುದ್ದಕ್ಕೂ ಕುಳ್ಳರು ಎದ್ದು ನಿಂತರು, ಬಿದ್ದರು. ಅವನು ಯಾರನ್ನೂ ನೋಡಲಿಲ್ಲ.

ಮನೆಗೆ ಬಂದಾಗ ಅವ್ವ ಮುದ್ದೆ ಬಡಿಸಿದಳು. ಅವ್ವ ಗಟ್ಟಿ ಹೆಂಗಸು. ಬಾಯಿಯ ವಿಷಯದಲ್ಲಿ ಮಗ ಹೋಲುವುದು ಅವಳನ್ನೇ.

"ಅವ್ವಾ, ಲೇಪ ತೊಳ್ಸು."

ಅವಳ ಕೈಯಲ್ಲಿದ್ದ ಸೌಟು ನಿಂತಿತು. "ಏನಂದೆ?"

"ತೊಳ್ಸು ಅಂದೆ. ಪೂರಾ. ಬರಿಮೈಲಿ ಹೋಗ್ತೀನಿ."

"ಹಚ್ಚಿ ಹಚ್ಚಿ ನನ್ನ ಅಂಗೈ ಗೆರೆಯೆಲ್ಲ ಅಳಿಸೋಗವೆ ಕಣ್ಲಾ. ಹುಣ್ಣಿಮೆ ಆದ್ರೆ ಬಾವೀಲಿ ಮೊದಲ ಬಿಂದಿಗೆ ನಂದು. ಆ ಮೂಲೆಮನೆಯವಳ ಮೂತಿ ನೋಡ್ಬೇಕು ಅಂತ ಎಷ್ಟು ದಿವ್ಸದಿಂದ ಕಾಯ್ತಾ ಇವ್ನಿ. ಈಗ ತೊಳ್ಸು ಅಂತೀಯಲ್ಲ, ನಿನ್ನ ನಾಲಿಗೆ ಹೆಂಗೆ ಹೊರಳ್ತು?"

ಜಟ್ಟಿ ಮುದ್ದೆ ಮುರಿದು ನುಂಗುತ್ತಿದ್ದ. ಅವ್ವನಿಗೆ ರೇಗಿತು. ಅವನ ಹಿಂದೆ ಹೋಗಿ ಬೆನ್ನಿನ ಮೇಲೊಂದು ಗುದ್ದಿದಳು. ಅವನು ಉಣ್ಣುತ್ತಲೇ ಇದ್ದ. ಇನ್ನೂ ಜೋರಾಗಿ ಗುದ್ದಿದಳು. ಅವನು ಸಾರು ಕೇಳಿದ. ಅವಳು ಮೆಲ್ಲಗೆ ಅಂಗೈಯನ್ನು ಅವನ ಹೆಗಲ ಮೇಲಿಟ್ಟಳು, ಚಿಕ್ಕವನಿದ್ದಾಗ ಮಲಗಿಸಲು ತಟ್ಟುತ್ತಿದ್ದ ಹಾಗೆ ತಟ್ಟಿದಳು.

"ಅವ್ವಾ, ಎಲ್ಲಿದ್ದೀಯ?" ಎಂದ ಅವನು, ಎದುರಿನ ಗೋಡೆ ನೋಡುತ್ತ. "ಸಾರು ಕೇಳ್ದೆ ಕಣವ್ವ."

ಅವ್ವ ಸಾರು ಬಡಿಸಿದಳು. ಆಮೇಲೆ ಬಚ್ಚಲಿಗೆ ಹೋಗಿ ಹಂಡೆಗೆ ನೀರು ತುಂಬಿ ಉರಿ ಹಾಕಿದಳು.

ಮಾರನೆಯ ಬೆಳಿಗ್ಗೆಯಿಂದ ಸಂಜೆಯವರೆಗೆ ಅವಳು ಉಜ್ಜಿದಳು. ಸೀಗೆಪುಡಿ ಹಾಕಿ ಉಜ್ಜಿದಳು, ತೆಂಗಿನ ನಾರಿನಲ್ಲಿ ಉಜ್ಜಿದಳು, ಬಿಸಿನೀರು ಹೊಯ್ದು ಮತ್ತೆ ಉಜ್ಜಿದಳು. ಎಣ್ಣೆ ಬಿಟ್ಟಿತು, ಮಣ್ಣು ಬಿಟ್ಟಿತು. ಪದರ ಪದರವಾಗಿ ಗೆಲುವುಗಳು ಬಚ್ಚಲ ಕಿಂಡಿಯಿಂದ ಕೆಂಪಗೆ ಹರಿದು ಹೋದವು. ಒಳಗಿನಿಂದ ಒಬ್ಬ ಸಣಕಲು ಹುಡುಗ ಹೊರಬಂದ. ಬಿಸಿಲು ಕಾಣದ ಮೈ, ಗಾಳಿಗೇ ನಡುಗುತ್ತಿತ್ತು.

"ಅಯ್ಯೋ, ಕಣ್ಣಿಗೆ ಸೀಗೆಪುಡಿ ಬಿತ್ತು, ಉರೀತದೆ," ಎಂದ ಜಟ್ಟಿ.

"ಉರೀಲಿ," ಎಂದಳು ಅವ್ವ. ಅವಳ ಕಣ್ಣೂ ಉರಿಯುತ್ತಿತ್ತು. "ಇಷ್ಟೇನಾ ನೀನು? ನಾನು ಇನ್ನೂ ದಪ್ಪ ಇದ್ದೀಯ ಅಂದ್ಕೊಂಡಿದ್ದೆ."

ಮರುದಿನ ಅವನು ಬೀದಿಗಿಳಿದಾಗ ಎಮ್ಮೆಗಳು ಸರಿಯಲಿಲ್ಲ. ಬಾವಿಕಟ್ಟೆಯವರಿಗೆ ಗುರುತು ಹಿಡಿಯುವುದಕ್ಕೆ ಹೊತ್ತು ಬೇಕಾಯಿತು. ಹಿಡಿದ ಮೇಲೆ ನಕ್ಕು ನಕ್ಕು ಬಿಂದಿಗೆ ಚೆಲ್ಲಿಕೊಂಡರು. "ಸುಲಿದ ಬಾಳೆಹಣ್ಣು ಹೊಂಟೈತೆ ನೋಡ್ರೇ," ಎಂದಳು ಮೂಲೆಮನೆಯವಳು. ಯಜಮಾನ ಕಟ್ಟೆಯಿಂದ ಇಳಿದು ಅವನ ದಾರಿಗೆ ಅಡ್ಡ ನಿಂತ. ಅವನು ನಗುತ್ತಿರಲಿಲ್ಲ.

"ಹಿಂದಿನವರ ಕಟ್ಟಳೆ ತೊಳೆದು ಚರಂಡಿಗೆ ಬಿಟ್ಟೆ. ಕಟ್ಟೇಲಿ ನಿಂಗೆ ಮೆಟ್ಲಿಲ್ಲ ಇನ್ನು. ಹುಣ್ಣಿಮೆಗೆ ಬೇರೆಯವನ್ನ ಕೂರಿಸ್ತೀವಿ. ನಿಮ್ಮವ್ವಂಗೂ ಬಾವೀಲಿ ಕೊನೇ ಬಿಂದಿಗೆ."

"ಕೂರ್ಸಿ. ಅವ್ವ ಕೊನೇಗೇ ಸೇದ್ತಾಳೆ, ಬಾವಿ ಏನು ಬತ್ತಿಲ್ಲ," ಎಂದ ಜಟ್ಟಿ. "ದಾರಿ ಬುಡಿ."

ಹಣೆಗೆ ಬೊಟ್ಟೂ ಇಲ್ಲದೆ ಬಾಗಿಲು ದಾಟಿದ. ತೊಡೆ ತಟ್ಟಿದ. ತಟ್ಟಿದ್ದು ಅವನಿಗೇ ಚುರುಗುಟ್ಟಿತು.

ಎದುರು ಬಂದವನು ಬಾಗಿಲ ಬಳಿಯ ಕುಳ್ಳ. ಎಲ್ಲರಿಗಿಂತ ಗಿಡ್ಡ, ಎದೆಮಟ್ಟಕ್ಕೂ ಬಾರದವನು. ಹುಡುಗರು ಉಂಡು ಕೈ ತೊಳೆಯುವಷ್ಟರಲ್ಲಿ ಬೀಳಿಸಿ ಬರುತ್ತಿದ್ದ ಕುಳ್ಳ. ಅವನು ಜಟ್ಟಿಯ ಎದೆ ನೋಡಿದ. ಸುತ್ತಿ ಬಂದು ಬೆನ್ನು ನೋಡಿದ. ಹತ್ತಿರ ಬಂದು ಮೂಸಿದ.

"ಸೀಗೆಕಾಯಿ ವಾಸ್ನೆ," ಎಂದ ಕುಳ್ಳ. "ನಮ್ಮೋರು ಯಾರೂ ಇಲ್ವಲ್ಲೋ ಇಲ್ಲಿ."

"ಇಲ್ಲ. ನಾನೊಬ್ನೇ."

ಕುಳ್ಳನ ಮುಖದ ಮೇಲೆ ನೆಲ ಬಿರಿದಂತೆ ಒಂದು ನಗು ಬಿರಿಯಿತು. ಅಷ್ಟೇ ಜಟ್ಟಿಗೆ ಕಂಡದ್ದು. ಆಮೇಲೆ ಆಕಾಶ ಕಂಡಿತು, ಆಮೇಲೆ ನೆಲ ಕಂಡಿತು, ಆಮೇಲೆ ಕತ್ತಲಾಯಿತು. ಕಣ್ಣು ಬಿಟ್ಟಾಗ ಎಚ್ಚರಗಲ್ಲು ಬೆನ್ನಿಗೆ ತಣ್ಣಗೆ ಒತ್ತುತ್ತಿತ್ತು, ಮೂಗಿನೊಳಗೆ ಹುಲ್ಲು ಹೋಗಿತ್ತು, ಇರುವ ಮೂಳೆಗಳೆಲ್ಲ ಒಂದೊಂದಾಗಿ ತಮ್ಮ ಹಾಜರಿ ಹೇಳುತ್ತಿದ್ದವು. ಬಾಗಿಲ ಮೇಲೆ ಊರೇ ಹತ್ತಿ ನಿಂತು ಕೇಕೆ ಹಾಕುತ್ತಿತ್ತು.

ಜಟ್ಟಿ ಎದ್ದು ಕೂತ. ತನ್ನ ಮೊಣಕೈಯ ತರಚನ್ನು ನೋಡಿದ. ಒತ್ತಿ ನೋಡಿದ, ನೋಯಿತು. ಮತ್ತೆ ಒತ್ತಿದ, ಮತ್ತೆ ನೋಯಿತು. ಅವನ ಬಾಯಿ ಕಿವಿಯವರೆಗೆ ಅರಳಿತು.

"ಸಿಕ್ತು," ಎಂದ.

ಹೋದ. ತೊಡೆ ತಟ್ಟಿದ. ಬಿದ್ದ. ಕಲ್ಲಿನ ಮೇಲೆ ಎದ್ದ. ಹೋದ. ತೊಡೆ ತಟ್ಟಿದ. ಬಿದ್ದ. ಮೊದಮೊದಲು ಎಲ್ಲಿಂದ ಬಿದ್ದೆ ಎಂದೇ ತಿಳಿಯುತ್ತಿರಲಿಲ್ಲ. ಆಮೇಲೆ ಕುಳ್ಳ ಎಡಗಾಲನ್ನು ಅಡ್ಡ ಕೊಡುತ್ತಾನೆ ಎಂದು ತಿಳಿಯಿತು. ಎಡಗಾಲು ತಪ್ಪಿಸಿಕೊಂಡ, ಕುಳ್ಳ ಸೊಂಟ ಹಿಡಿದು ಎಸೆದ. ಸೊಂಟ ಬಿಡಿಸಿಕೊಂಡ, ಕುಳ್ಳ ಕತ್ತಿಗೆ ಕೈ ಹಾಕಿದ. ದಿನಗಳು ಹೋದವು. ಎಚ್ಚರಗಲ್ಲಿನ ಸುತ್ತಲಿನ ಹುಲ್ಲು ತುಳಿದು ತುಳಿದು ಸವೆಯಿತು. ಸಂಜೆ ಮನೆಗೆ ಬಂದರೆ ಅವ್ವ ಕೊನೆಯ ಬಿಂದಿಗೆಯ ನೀರನ್ನೇ ಕಾಯಿಸಿ ಊದಿದ ಜಾಗಕ್ಕೆ ಶಾಖ ಕೊಡುತ್ತಿದ್ದಳು, "ನಾಳೆ ಹೋಗ್ಬೇಡ" ಅನ್ನುತ್ತಿದ್ದಳು. ಬೆಳಿಗ್ಗೆ ಅವಳೇ ಎಬ್ಬಿಸುತ್ತಿದ್ದಳು.

ಕುಳ್ಳನಿಗೂ ಬಾಯಿಗೆ ಬೀಗವಿರಲಿಲ್ಲ.

"ಏನು ಅಳಿಯಂದ್ರು ಇವತ್ತು ತಡವಾಗಿ ಬಂದ್ರಿ. ಉಪಚಾರ ಜೋರಾಗಿತ್ತಾ ನಿನ್ನೆದು?"

"ನೀನು ನನ್ನ ಮಾವನಾದ್ರೆ ನಿನ್ನ ಮಗಳು ಎಷ್ಟು ಗಿಡ್ಡ ಇರ್ಬೋದು, ಮದ್ವೇನೇ ಬ್ಯಾಡ," ಅನ್ನುತ್ತಿದ್ದ ಜಟ್ಟಿ, ಮತ್ತು ಆ ಮಾತು ಮುಗಿಯುವ ಮೊದಲೇ ಕಲ್ಲಿನ ಮೇಲಿರುತ್ತಿದ್ದ.

ಒಂದು ದಿನ ಇಬ್ಬರೂ ತೋಳಿಗೆ ತೋಳು ಕೊಟ್ಟು, ತಲೆಗೆ ತಲೆ ಒತ್ತಿ, ಕದಲದೆ ನಿಂತಿದ್ದಾಗ ಕುಳ್ಳ ಮೆಲ್ಲಗೆ ಹೇಳಿದ: "ಇಲ್ಲಿ ಎದ್ದಾಗಿಂದ ಸುಮ್ನೆ ಬಿದ್ದೂ ಬಿದ್ದೂ ನಂಗೆ ಸಾಕಾಗೋಗಿತ್ತು ಕಣೋ. ಬಂದೋರೆಲ್ಲ ನಮ್ಮೋರನ್ನೇ ಹೊದ್ಕೊಂಡು ಬರೋರು. ತೊಡೆ ತಟ್ಟೋದು, ಬೀಳೋದು. ಹಿಡಿಯೋ ಕೈ ಹೆಂಗಿರ್ತದೆ ಅಂತಾನೇ ಗೊತ್ತಿರ್ಲಿಲ್ಲ."

"ಹೆಂಗೈತೆ?"

"ಪರವಾಗಿಲ್ಲ. ಹೆಬ್ಬೆಟ್ಟು ಒಳಕ್ಕೆ ಮಡಚು, ಜಾರ್ತದೆ," ಎಂದು ಹೇಳಿ, ಜಾರಿಸಿ, ಎತ್ತಿ ಒಗೆದ.

ಹುಣ್ಣಿಮೆಯ ದಿನ ಬಂತು. ಊರು ಬೇರೊಬ್ಬ ಜಟ್ಟಿಯನ್ನು ಪಲ್ಲಕ್ಕಿಯಲ್ಲಿ ಹೊತ್ತು ತಮಟೆ ಬಡಿಯುತ್ತ ಕಟ್ಟೆಗೆ ಹೊರಟಿತ್ತು. ಬಾಗಿಲ ಮುಂದೆ ಹಾಯುವಾಗ ತಮಟೆಯವನೊಬ್ಬ ಹೊರಗೆ ಇಣುಕಿದ. ಬಡಿಯುವುದನ್ನು ನಿಲ್ಲಿಸಿದ. ಪಕ್ಕದವನೂ ಇಣುಕಿದ, ಅವನೂ ನಿಲ್ಲಿಸಿದ. ಬೆಳಿಗ್ಗೆ ಹಿಡಿದ ಹಿಡಿತ ಇನ್ನೂ ಬಿಟ್ಟಿರಲಿಲ್ಲ. ಸೂರ್ಯ ನೆತ್ತಿ ದಾಟಿದ್ದ. ಕುಳ್ಳ ಎಳೆದರೆ ಜಟ್ಟಿ ಎರಡು ಹೆಜ್ಜೆ ಬರುತ್ತಿದ್ದ, ಜಟ್ಟಿ ತಳ್ಳಿದರೆ ಕುಳ್ಳ ಎರಡು ಹೆಜ್ಜೆ ಸರಿಯುತ್ತಿದ್ದ. ಜಟ್ಟಿಯ ತುಟಿ ಒಡೆದಿತ್ತು. ಕುಳ್ಳನ ಹೆಗಲಿನಿಂದ ಹೆಂಟೆಗಳು ಉದುರುತ್ತಿದ್ದವು. ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಹಾಗೆ ಗೊತ್ತಿಲ್ಲದೆ ನಿಂತು ನೋಡುವುದು ಆ ಊರಿಗೆ ಹೊಸದು. ಪಲ್ಲಕ್ಕಿ ಹೊತ್ತವರು ಪಲ್ಲಕ್ಕಿ ಇಳಿಸಿದರು. ಒಳಗಿದ್ದವನೂ ಕತ್ತು ಚಾಚಿದ. ಮೂಲೆಮನೆಯವಳು ಸೆರಗಿನ ತುದಿ ಕಚ್ಚಿಕೊಂಡಳು. ಅವ್ವ ಮಾತ್ರ ಬಾಗಿಲ ಹೊರಗೆ ಬಂದು ನಿಂತಿದ್ದಳು.

"ಕಾಲು ಅಗಲ ಮಾಡ್ಲಾ," ಎಂದಳು.

ಜಟ್ಟಿ ಕಾಲು ಅಗಲಿಸಿದ. ಕುಳ್ಳ ಎಡಗಾಲು ಅಡ್ಡ ಕೊಟ್ಟ, ಜಟ್ಟಿ ದಾಟಿದ. ಸೊಂಟಕ್ಕೆ ಬಂದ, ಜಟ್ಟಿ ತಿರುಗಿದ. ಕತ್ತಿಗೆ ಕೈ ಬಂತು, ಜಟ್ಟಿ ತಲೆ ತಗ್ಗಿಸಿ ಕೆಳಗೆ ನುಗ್ಗಿ, ಹೆಬ್ಬೆಟ್ಟು ಮಡಚಿ ಹಿಡಿದು, ಉಸಿರು ಕಟ್ಟಿ ಎತ್ತಿದ. ಕುಳ್ಳನ ಕಾಲು ನೆಲ ಬಿಟ್ಟಿತು. ಜಟ್ಟಿ ತಿರುಗಿಸಿ ಹಾಕಿದ. ಕುಳ್ಳನ ಬೆನ್ನು ಪೂರಾ ನೆಲಕ್ಕೆ ತಾಗಿತು. ಬಯಲು ದಡ್ ಎಂದು ಅದುರಿತು.

ಯಜಮಾನ ಓಡಿ ಬಂದ. ಏನೇ ಆದರೂ ಅವನು ಕಟ್ಟಳೆಯ ಮನುಷ್ಯ. ಪಲ್ಲಕ್ಕಿಯವನಿಗೆಂದು ತಂದಿದ್ದ ಹರಳೆಣ್ಣೆಯ ಬಟ್ಟಲು ಅವನ ಕೈಯಲ್ಲಿತ್ತು.

"ತುಂಬ್ಕೋ ಮಣ್ಣ. ಮೊದಲ್ನೇ ಮೆಟ್ಲಿಂದ ಶುರು ಮಾಡ್ಬೋದು ನೀನು. ಎಲ್ಲಿ ಮಣ್ಣು?"

ಎಲ್ಲರೂ ನೆಲ ನೋಡಿದರು. ಗುಡ್ಡೆಯಿರಲಿಲ್ಲ. ಕುಳ್ಳ ಅಂಗಾತ ಬಿದ್ದಿದ್ದವನು ಬಿದ್ದ ಹಾಗೆಯೇ ಇದ್ದ, ಇಡೀ ಆಳು. ಕಣ್ಣು ಮಿಟುಕಿಸಿದ. ಒಂದು ಮೊಣಕೈ ಊರಿದ. ಸೊಂಟ ನೀವಿಕೊಳ್ಳುತ್ತ ಎದ್ದು ನಿಂತ. ಬಿದ್ದ ಮಣ್ಣಾಳು ಅದೇ ದಿನ ಎದ್ದು ನಿಂತದ್ದನ್ನು ಆ ಊರು ಎಂದೂ ಕಂಡಿರಲಿಲ್ಲ.

"ಹಿಡಿದು ಎತ್ತಿ ಹಾಕಿಸ್ಕೊಂಡು ಬಿದ್ರೆ ಮೈ ಒಡೆಯಲ್ಲ ಕಣ್ರಯ್ಯಾ," ಎಂದ ಕುಳ್ಳ, ಊರಿನವರನ್ನು ನೋಡಿ. "ಸುಮ್ಸುಮ್ನೆ ಬಿದ್ರೇನೇ ಒಡೆಯೋದು."

ಯಜಮಾನ ಎಣ್ಣೆಯ ಬಟ್ಟಲನ್ನು ಮುಂದೆ ಚಾಚಿದ. "ಮಣ್ಣಿಲ್ದೆ ಲೇಪ ಇಲ್ಲ. ಲೇಪ ಇಲ್ದಿದ್ರೆ ಅದು ಗೆಲುವಲ್ಲ. ಇದನ್ನ ಯಾವ ಮೆಟ್ಲಿಗೆ ಹಾಕ್ಲಿ ನಾನು?"

"ಯಾವುದಕ್ಕೂ ಬ್ಯಾಡ ಬುಡಿ ಯಜಮಾನ್ರೇ," ಎಂದ ಜಟ್ಟಿ. ಒಡೆದ ತುಟಿಯಿಂದ ರಕ್ತ ಉಗಿದ, ಎದೆ ಉಬ್ಬಿಸಿದ. ಬರಿ ಎದೆ, ಏದುಸಿರಿಗೆ ಏಳುತ್ತಿತ್ತು, ಇಳಿಯುತ್ತಿತ್ತು. "ಈ ಊರಲ್ಲಿ ಇವತ್ತಿನ ಗಂಟ ಒಬ್ಬನ್ನ ಎತ್ತಿ ಹಾಕಿರೋನು ನಾನೊಬ್ನೇ. ನಂಗೊತ್ತಾಯ್ತು. ಅವನಿಗೂ ಗೊತ್ತಾಯ್ತು."

"ಒಂದು ಸಲಕ್ಕೇ ಇಷ್ಟೊಂದಾ?" ಎಂದ ಕುಳ್ಳ. "ಬಾ, ಇನ್ನೊಂದು ಹಿಡೀ ನೋಡಣ."

ಆಗ ದೂರದಲ್ಲಿ ಯಾರೋ ತೊಡೆ ತಟ್ಟಿದರು. ಆಳೆತ್ತರದವನೊಬ್ಬ ಎದ್ದು ನಿಂತು ಇತ್ತಲೇ ನೋಡುತ್ತಿದ್ದ. ಅವನ ಹಿಂದೆ ಇನ್ನೊಬ್ಬ ತಟ್ಟಿದ. ಅದರಾಚೆ ತೆಂಗಿನ ಮರದೆತ್ತರದವರು, ಅದರಾಚೆ ಏರಿಯ ಮೇಲೆ ಊರಗಲ ನೆರಳಿನವನು. ಒಬ್ಬರಾದ ಮೇಲೆ ಒಬ್ಬರು ತಟ್ಟಿದರು, ಬಯಲಿನುದ್ದಕ್ಕೂ ಆ ಸದ್ದು ಗುಡುಗಿನ ಹಾಗೆ ಹರಿದು ಬಂದು ಊರ ಬಾಗಿಲನ್ನು ಅಲ್ಲಾಡಿಸಿತು. ಪಲ್ಲಕ್ಕಿಯಲ್ಲಿದ್ದವನು ಮೆಲ್ಲಗೆ ಕಾಲು ಕೆಳಗಿಟ್ಟ.

ಜಟ್ಟಿ ಅಂಗೈಗೆ ಉಗುಳಿ ಉಜ್ಜಿಕೊಂಡ.

"ಒಬ್ಬೊಬ್ರಾಗಿ ಬರ್ರಪ್ಪ," ಎಂದು ಬಯಲಿಗೆ ಕೂಗಿ ಹೇಳಿದ. "ನಾನೇನು ಓಡೋಗಲ್ಲ."

ಮೊಣಕಾಲು ಬಗ್ಗಿಸಿ, ಕಾಲು ಅಗಲಿಸಿ, ಕುಳ್ಳನ ಕಡೆಗೆ ಕೈ ಚಾಚಿದ.